ಸಾಹುಕಾರರ ವಿಮಾನಕ್ಕೆ ಗುಮಾಸ್ತನಾಗಿ

ಹಳೆಯ ವಸ್ತುವೊಂದನ್ನು ಇದ್ದ ಹಾಗೇ ಇಟ್ಟುಕೊಳ್ಳುತ್ತೇನೆ ಎಂದು ಮನುಷ್ಯ ಹೊರಟರೆ ಒಂದರ ಹಿಂದೆ ಒಂದು ಪೇಚು ಬರುತ್ತಲೇ ಇರುತ್ತದೆ. ಹಳೆಯ ಪಂಚೆಯನ್ನೇ ನೋಡಿ; ಒಂದು ಕಡೆ ಹೊಲಿದರೆ ಅದರ ಪಕ್ಕದಲ್ಲಿ ಹರಿಯುತ್ತದೆ. ನನ್ನ ಪಾಲಿಗೆ ಬಂದದ್ದು ಪಂಚೆಯಲ್ಲ, ವಿಮಾನ. ಚಳ್ಳಕೆರೆಯ ಒಂದು ಎಣ್ಣೆ ಗಾಣಕ್ಕೆ ನಾನು ಗುಮಾಸ್ತನಾಗಿ ಸೇರಿದಾಗ ಎಣ್ಣೆ, ಹಿಂಡಿ, ಹರಳು ಇಷ್ಟನ್ನು ನೋಡಿಕೊಂಡರೆ ಸಾಕು ಎಂದಿದ್ದರು. ಹಿಂಡಿ ಚೀಲಗಳ ಹಿಂದೆ ಏನಿದೆ ಎಂದು ನಾನು ಕೇಳಲಿಲ್ಲ. ಅವರು ಹೇಳಲಿಲ್ಲ.

ಒಪ್ಪಿಸಿ ಹೋದದ್ದು

ಮಹಾಯುದ್ಧಕ್ಕೆ ಮುಂಚೆ ಊರೂರಿಗೆ ಹೋಗಿ ವಿಮಾನ ಹಾರಿಸಿ ತೋರಿಸುತ್ತಿದ್ದ ಬಿಳಿಯ ದೊರೆಯೊಬ್ಬ ಬಳ್ಳಾರಿ ಕಡೆಯಿಂದ ಬರುತ್ತ ನಮ್ಮೂರಾಚೆಯ ಹುಲ್ಲುಗಾವಲಿನಲ್ಲಿ ಬಿದ್ದನಂತೆ. ಎದ್ದು ಷರಾಯಿ ಕೊಡವಿಕೊಂಡು, ಗಾಣದ ಒಡೆಯರಾದ ನಮ್ಮ ಸಾಹುಕಾರರ ಮನೆಯಲ್ಲಿ ಎರಡು ಚೆಂಬು ಮಜ್ಜಿಗೆ ಕುಡಿದು, ಅವರ ಹೆಗಲ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಏನೋ ಹೇಳಿದ. ‘ನೋಡಿಕೊಂಡಿರಿ, ಬರುತ್ತೇನೆ’ ಎಂದು ಅದರ ಅರ್ಥ, ಅಂತ ಸ್ಕೂಲಿನ ಮೇಷ್ಟರು ತಿಳಿಸಿದರು. ಸಾಹುಕಾರರು ತಲೆಯಾಡಿಸಿದರು. ದೊರೆ ಬಂಡಿ ಹತ್ತಿ ದುರ್ಗದ ದಾರಿ ಹಿಡಿದ.

ಆಮೇಲೆ ಯುದ್ಧ ಬಂತು, ಯುದ್ಧ ಹೋಯಿತು, ದೊರೆ ಮಾತ್ರ ಬರಲಿಲ್ಲ. ನಮ್ಮ ಸಾಹುಕಾರರು ತಲೆಯಾಡಿಸಿದರೆ ಅದು ಛಾಪಾ ಕಾಗದದ ಮೇಲೆ ಬರೆದುಕೊಟ್ಟ ಹಾಗೆ. ವಿಮಾನವನ್ನು ಗಾಣದ ಪಕ್ಕದ ಕೊಟ್ಟಿಗೆಯಲ್ಲಿ ಇಡಿಸಿ ಹತ್ತು ಹನ್ನೆರಡು ವರ್ಷ ಕಾದರು. ಅಷ್ಟರಲ್ಲಿ ರೆಕ್ಕೆಯ ಬಟ್ಟೆಯನ್ನು ಇಲಿಗಳು, ಮರವನ್ನು ಗೆದ್ದಲು, ಕೂರುವ ಜಾಗವನ್ನು ಒಂದು ಕೋಳಿ ತಮ್ಮದೆಂದು ತಿಳಿದಿದ್ದವು.

ಬ್ರಹ್ಮಗಿರಿಯ ಬಂಡೆ ಮೇಲಿನ ಹಳೆಯ ಬರಹ ನೋಡಲು ಬಂದಿದ್ದ ಸರ್ಕಾರದ ಅಧಿಕಾರಿಯೊಬ್ಬರು ಹೇಗೋ ಸುದ್ದಿ ತಿಳಿದು ನಮ್ಮ ಕೊಟ್ಟಿಗೆಗೂ ಬಂದರು. ಹಳೆಯ ವಸ್ತು ಎಲ್ಲಿದ್ದರೂ ಕಾಪಾಡುವುದು ಅವರ ಕೆಲಸ. ಕೋಳಿಯನ್ನು ನೋಡಿ ಅವರಿಗೆ ಬೇಸರವಾಯಿತು. ಆಷಾಢದಲ್ಲಿ ಮತ್ತೆ ಬರುತ್ತೇನೆ, ದೊರೆ ಬಿಟ್ಟುಹೋದ ಹಾಗೇ ಇದು ನಿಂತಿದ್ದರೆ ಇಲ್ಲೇ ಇರಲಿ, ಇಲ್ಲದಿದ್ದರೆ ಬಿಚ್ಚಿಸಿ ಪಟ್ಟಣದ ವಸ್ತು ಸಂಗ್ರಹಾಲಯಕ್ಕೆ ಒಯ್ಯುತ್ತೇನೆ ಎಂದರು.

ಸಾಹುಕಾರರ ಮುಖ ಸಣ್ಣದಾಯಿತು. ಅಧಿಕಾರಿಗಳು ಹೋದ ಮೇಲೆ ನನ್ನನ್ನು ಕರೆದು, “ನಾಳೆ ಆ ಪುಣ್ಯಾತ್ಮ ಬಂದು ನನ್ನ ವಿಮಾನ ಎಲ್ಲಿ ಅಂದ್ರೆ ಯಾವ ಬಾಯಲ್ಲಿ ಹೇಳ್ಲಯ್ಯ, ಬೇರೆಯವರು ಒಯ್ದ್ರು ಅಂತ?” ಎಂದರು. ಹಾಗೆ ನಾನು ವಿಮಾನದ ಗುಮಾಸ್ತನಾದೆ.

ಒಂದು ಮಾತು ಬಿಟ್ಟೆ. ದೊರೆ ಬಿಟ್ಟುಹೋದಾಗ ವಿಮಾನ ತಲೆಕೆಳಗಾಗಿ ಬಿದ್ದಿತ್ತಂತೆ, ಹಾಗೇ ನಿಲ್ಲಿಸಬೇಕೇ ಎಂದು ನಾನು ಅಧಿಕಾರಿಗಳನ್ನು ಕೇಳಿದ್ದೆ. ಅವರು ಸ್ವಲ್ಪ ಯೋಚಿಸಿ, ‘ಬೀಳುವುದಕ್ಕೆ ತುಸು ಮುಂಚೆ ಇದ್ದ ಹಾಗೆ’ ಎಂದು ಪುಸ್ತಕದಲ್ಲಿ ತಿದ್ದಿಕೊಂಡರು.

ಹಿರಿಯ ರೆಕ್ಕೆ, ಕಿರಿಯ ರೆಕ್ಕೆ

ಮೊದಲು ರೆಕ್ಕೆಗೆ ಬಟ್ಟೆ ಬೇಕಾಯಿತು. ಹಗುರವಾಗಿಯೂ ಗಟ್ಟಿಯಾಗಿಯೂ ಇರುವ ಬಟ್ಟೆ ಎಂದರೆ ಸಾಹುಕಾರರಿಗೆ ಗೊತ್ತಿದ್ದದ್ದು ಹೆಂಡತಿಯ ಧಾರೆ ಸೀರೆಯೊಂದೇ. ಇಪ್ಪತ್ತು ವರ್ಷವಾದರೂ ಅದರ ಒಂದು ಎಳೆ ಜಗ್ಗಿಲ್ಲ ಎಂದು ಅದನ್ನು ನೇಯ್ದ ಮನೆಯನ್ನೇ ಹುಡುಕಿ ನನ್ನನ್ನು ಮೊಳಕಾಲ್ಮೂರಿಗೆ ಕಳಿಸಿದರು.

ಹಿರಿಯ ನೇಕಾರರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದರು. ಮನೆಯವರೊಡನೆ ತೆಲುಗು, ಗಿರಾಕಿಯೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ರೇಷ್ಮೆ ಬಟ್ಟೆ ಬೇಕು ಎಂದೆ. ಮದುವೆ ಯಾರದು ಎಂದರು. ಮದುವೆಯಿಲ್ಲ ಎಂದೆ. ಹಾಗಾದರೆ ಉಡುವವರ ಎತ್ತರ ಎಷ್ಟು ಎಂದರು. ಇಪ್ಪತ್ತು ಮೊಳ ಎಂದೆ. ಅದುವರೆಗೆ ಲಾಳಿಯನ್ನೇ ನೋಡುತ್ತಿದ್ದವರು ಆಗ ನನ್ನನ್ನು ನೋಡಿದರು.

ವಿಮಾನದ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಎರಡು ಜೊತೆ ರೆಕ್ಕೆ, ಒಂದರ ಮೇಲೊಂದು. ಬಟ್ಟೆ ಬರೀ ಬಿಳಿ ಇರಬೇಕು. ಅಂಚು ಬೇಡ, ಸೆರಗು ಬೇಡ. ಇಷ್ಟು ಹೇಳುವಷ್ಟರಲ್ಲಿ ಮಗ್ಗ ನಿಂತಿತು.

“ಅಂಚು ಲೇನಿ ಬಟ್ಟ ಮಾ ಮಗ್ಗಂ ದಿಗದು,” ಎಂದರು. ಅಂಚಿಲ್ಲದ ಬಟ್ಟೆ ನಮ್ಮ ಮಗ್ಗ ಇಳಿಯುವುದಿಲ್ಲ ಅಂತ. ನನಗೆ ತಿಳಿಯಲಿಲ್ಲವೆಂದುಕೊಂಡು ಕನ್ನಡದಲ್ಲೂ ಹೇಳಿದರು. “ಅಂಚಿಲ್ದಿರೋ ಬಿಳೀ ಬಟ್ಟೆ ಹೊದಿಸೋದು ಹೆಣಕ್ಕೆ. ನಿಮ್ಮ ವಿಮಾನ ಏನ್ ಸತ್ತೈತಾ?”

ಅರ್ಧ ದಿನ ವಾದ ಮಾಡಿದೆ. ಕೊನೆಗೆ ಅವರು ತಲೆಯಾಡಿಸಿದರು. ಎಲ್ಲರ ತಲೆಯಾಡಿಸುವಿಕೆಯೂ ನಮ್ಮ ಸಾಹುಕಾರರದ್ದರ ಹಾಗಲ್ಲ ಎಂಬುದು ಎರಡು ತಿಂಗಳ ಮೇಲೆ ಗಂಟು ಬಿಚ್ಚಿದಾಗ ಗೊತ್ತಾಯಿತು. ಬಟ್ಟೆ ಅಚ್ಚ ಬಿಳಿ, ಅಳತೆ ಸರಿಯಾಗಿತ್ತು. ಮೇಲಿನ ರೆಕ್ಕೆಯದಕ್ಕೆ ಗೇಣಗಲದ ಕೆಂಪು ಗೋಪುರದ ಅಂಚು. ಕೆಳಗಿನದಕ್ಕೆ ಎರಡು ಬೆರಳಗಲದ್ದು. ಎರಡಕ್ಕೂ ಸೆರಗು. ಅಂಚನ್ನು ಕತ್ತರಿಸೋಣವೆಂದರೆ ರೆಕ್ಕೆಗೆ ಬಟ್ಟೆ ಸಾಲದು.

ಮತ್ತೆ ಮೊಳಕಾಲ್ಮೂರಿಗೆ ಹೋದೆ. ಅಂಚು ಹಾಕಿದ್ದು ಹಾಕಿದಿರಿ, ಒಂದೇ ಅಳತೆಯದನ್ನಾದರೂ ಹಾಕಬಾರದಿತ್ತೇ ಎಂದು ಕೇಳಿದೆ. ಅವರು ನನ್ನ ಅಜ್ಞಾನಕ್ಕೆ ಮರುಗಿದವರಂತೆ, “ಮೇಲಿಂದು ಪೆದ್ದ ಕೋಡಲು, ಹಿರೀ ಸೊಸೆ. ಕೆಳಗಿಂದು ಚಿನ್ನ ಕೋಡಲು, ಕಿರೀ ಸೊಸೆ. ಇಬ್ರಿಗೂ ಒಂದೇ ಅಂಚು ಹಾಕಿ ಒಂದೇ ಮನೇಲಿಟ್ಟು ನೋಡ್ರಿ,” ಎಂದರು. “ನಿಮ್ಮ ವಿಮಾನ ನೆಲ ಬಿಟ್ಟು ಏಳೋದೇ ಇಲ್ಲ.”

ಹುಣಸೆ ಬೀಜದ ಗಂಜಿ

ರೆಕ್ಕೆಯ ಬಟ್ಟೆ ತಮಟೆಯ ಚರ್ಮದ ಹಾಗೆ ಬಿಗಿಯಾಗಿರಬೇಕು. ಅದಕ್ಕೆ ದೊರೆಗಳ ದೇಶದಲ್ಲಿ ಯಾವುದೋ ಮೆರುಗು ಬಳಿಯುತ್ತಾರಂತೆ. ಬೊಂಬಾಯಿಗೆ ಕಾಗದ ಬರೆದೆವು. ಉತ್ತರ ಬರಲಿಲ್ಲ. ಆಗ ಕಂಬಳಿ ನೇಯುವ ಅಜ್ಜಿಯೊಬ್ಬಳು ಬಂದು, ಇಷ್ಟಕ್ಕೆ ಬೊಂಬಾಯಿ ಯಾಕೆ ಎಂದಳು. ನಮ್ಮೂರ ಕಂಬಳಿಯನ್ನು ನಿಲ್ಲಿಸಿದರೆ ನಿಲ್ಲುತ್ತದೆ. ಮಳೆ ಒಳಗೆ ಬರುವುದಿಲ್ಲ. ಅದರ ಗುಟ್ಟು ಹುಣಸೆ ಬೀಜದ ಗಂಜಿ.

ಮೂರು ದಿನ ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ರುಬ್ಬಿ, ಕುದಿಸಿದರು. ಸಾಹುಕಾರರ ಮನೆಯಲ್ಲಿ ಆ ಮೂರು ದಿನ ಅನ್ನಕ್ಕೆ ಪಾತ್ರೆ ಇರಲಿಲ್ಲ. ಅಜ್ಜಿ ಕುಂಚದಿಂದ ಬಳಿದಳು. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ರೆಕ್ಕೆ ಡಣ್ ಎನ್ನುತ್ತಿತ್ತು. ಸಾಹುಕಾರರು ಅದನ್ನು ಹತ್ತು ಸಲ ತಟ್ಟಿ, ಮನಸ್ಸು ತಣಿದು, ಚೆನ್ನಾಗಿ ಬಿಸಿಲು ಕಾಯಲಿ ಎಂದು ಬಯಲಿನಲ್ಲಿ ಇಡಿಸಿ ಊಟಕ್ಕೆ ಹೋದರು.

ಮಧ್ಯಾಹ್ನದ ಹೊತ್ತಿಗೆ ದಾರಿಯಲ್ಲಿ ಹೋಗುತ್ತಿದ್ದ ಕುರಿಮಂದೆ ನೆರಳು ಕಂಡು ರೆಕ್ಕೆಯ ಅಡಿಗೆ ಸೇರಿತು. ನೆರಳಿಗೆಂದು ಬಂದವಕ್ಕೆ ತಲೆಯೆತ್ತಿದಾಗ ಊಟವೂ ಸಿಕ್ಕಿತು. ನಾವು ಬರುವಷ್ಟರಲ್ಲಿ ಎಡಗಡೆಯ ಕಿರಿಯ ರೆಕ್ಕೆಯ ಗಂಜಿಯನ್ನೆಲ್ಲ ನೆಕ್ಕಿದ್ದವು. ಬಟ್ಟೆ ಮತ್ತೆ ಸೀರೆಯಾಗಿ ಗಾಳಿಗೆ ಪಟಪಟ ಎನ್ನುತ್ತಿತ್ತು.

ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. ಕಂಬಳಿಗೂ ಮೊದಲ ಗಂಜಿ ಕುರಿಗೇ ಹೋಗುತ್ತದೆ, ಉಣ್ಣೆ ಕೊಟ್ಟ ಋಣ ಎಂದಳು. ಇದು ರೇಷ್ಮೆಯಲ್ಲವೇ, ಕುರಿಗೆ ಯಾವ ಋಣ ಎಂದು ನಾನು ಕೇಳುವಷ್ಟರಲ್ಲಿ ಮತ್ತೆ ಬೀಜ ಹುರಿಯಲು ಎದ್ದಳು. ಮರುದಿನ ಕುರಿಗಳ ಯಜಮಾನ ಬಂದ. ನಷ್ಟದ ಮಾತಾಡಲು ಬಂದನೆಂದು ನಾನು ಎದ್ದು ನಿಂತೆ. ಅವನು ಬಂದದ್ದು ದೂರು ಹೇಳಲು. ಅವನ ಕುರಿಗಳು ನಿನ್ನೆಯಿಂದ ಹುಲ್ಲಿಗೆ ಬಾಯಿ ಹಾಕುತ್ತಿಲ್ಲವಂತೆ. “ಒಂದ್ ದಿನ ರುಚಿ ತೋರ್ಸಿ ಕೈ ಬಿಟ್ರೆ ಹೆಂಗ್ರೀ?” ಎಂದ.

ನೆಟ್ಟಗಾದ ಪಂಖ

ಮರದ ಕೆಲಸಕ್ಕೆ ಹಿಡಿದದ್ದು ಬಂಡಿ ಮಾಡುವ ಆಚಾರಿಯನ್ನು. ಅವನ ಕೈಯ ಬಂಡಿ ಮೂರು ತಲೆಮಾರು ಓಡುತ್ತದೆ ಎಂಬ ಹೆಸರಿತ್ತು. ರೆಕ್ಕೆಯ ಹಂದರವನ್ನು ಅವನು ಬಟ್ಟೆ ಬರುವ ಮೊದಲೇ ಚೆನ್ನಾಗಿ ಕಟ್ಟಿದ್ದ. ವಿಮಾನದ ಮೂತಿಯ ಮುಂದೆ ತಿರುಗುವ ಮರದ ಪಂಖ ಒಂದು ಉಳಿದಿತ್ತು. ಹಳೆಯದು ಬಿದ್ದಾಗ ಮುರಿದಿತ್ತು. ಅದರ ಎರಡು ತುಂಡನ್ನೂ ಅವನಿಗೆ ಕೊಟ್ಟು, ಇದರ ಹಾಗೇ ಇನ್ನೊಂದು ಮಾಡು, ಕೂದಲೆಳೆ ವ್ಯತ್ಯಾಸ ಆಗಬಾರದು ಎಂದೆ.

ಅಷ್ಟುದ್ದದ ಚೆನ್ನಾಗಿ ಒಣಗಿದ ಸಾಗುವಾನಿ ಊರಲ್ಲಿ ಇದ್ದದ್ದು ಒಂದೇ ಕಡೆ: ಸಾಹುಕಾರರ ಮನೆಯ ನಡುಮನೆ ಬಾಗಿಲಲ್ಲಿ. ಸಾಹುಕಾರರು ಹೆಂಡತಿಯ ಮುಖ ನೋಡದೆ ಬಾಗಿಲು ಬಿಚ್ಚಿಸಿದರು. ಅಮ್ಮನವರು ಅಲ್ಲಿಗೆ ಒಂದು ಹಳೆಯ ಜಮಖಾನ ನೇತುಹಾಕಿದರು.

ಹತ್ತು ದಿನಕ್ಕೆ ಪಂಖ ಬಂತು. ಕನ್ನಡಿಯಂತೆ ನುಣುಪು, ಎರಡು ಅಲಗೂ ಒಂದೇ ತೂಕ, ಈ ತುದಿಯಿಂದ ಆ ತುದಿಗೆ ದಾರ ಹಿಡಿದರೆ ದಾರದಷ್ಟೇ ನೆಟ್ಟಗೆ. ನೆಟ್ಟಗಿದ್ದದ್ದೇ ಕಷ್ಟ. ಪಂಖದ ಅಲಗು ತಿರುಚಿಕೊಂಡಿರಬೇಕು. ಆ ತಿರುಚಿನಿಂದಲೇ ಅದು ಗಾಳಿಯನ್ನು ಹಿಂದಕ್ಕೆ ತಳ್ಳುವುದು. ಆಚಾರಿ ತಂದದ್ದನ್ನು ತಿರುಗಿಸಿದರೆ ಮಜ್ಜಿಗೆ ಕಡೆಯಬಹುದಿತ್ತು.

ಹಳೆಯದು ತಿರುಚಿಕೊಂಡಿತ್ತಲ್ಲಪ್ಪಾ ಎಂದೆ.

“ಅದ್ನೇ ಹೇಳೋಣ ಅಂತ ಬಂದೆ ಗುಮಾಸ್ತರೇ,” ಎಂದ ಆಚಾರಿ, ದನಿ ಇಳಿಸಿ. “ದೊರೆಗೆ ಯಾರೋ ಮೋಸ ಮಾಡವ್ರೆ. ಹಸೀ ಮರದಲ್ಲಿ ಮಾಡಿದ್ರು, ಒಣಗಿದ ಮೇಲೆ ತಿರುಚ್ಕಂಡೈತೆ. ಅದ್ಕೇ ಪಾಪ, ಬಿದ್ದಿದ್ದು.”

ಅವನಿಗೆ ತಿಳಿಹೇಳಲು ಎರಡು ದಿನ ಹಿಡಿಯಿತು. ಗೊತ್ತಿದ್ದೂ ಗೊತ್ತಿದ್ದೂ ಸೊಟ್ಟ ಕೆಲಸ ಮಾಡಿದರೆ ನಾಳೆ ಯಾರು ನನ್ನ ಕೈಲಿ ಬಂಡಿ ಮಾಡಿಸುತ್ತಾರೆ ಎಂದು ಅವನು, ಸೊಟ್ಟವಾಗಿದ್ದರೇ ಸರಿ ಎಂದು ನಾನು. ಒಪ್ಪಿದ, ಆದರೆ ಇನ್ನೊಂದು ಹಲಗೆ ಬೇಕು. ದೇವರಮನೆ ಬಾಗಿಲೂ ಹೋಯಿತು. ಆ ಹೊತ್ತು ಅಮ್ಮನವರು ಜಮಖಾನ ಸರಿಸಿ ಹೊರಗೆ ಬಂದು, ನಮ್ಮಿಬ್ಬರಿಗೂ ಕೇಳುವ ಹಾಗೆ ಗಂಡನಿಗೆ ಹೇಳಿದರು.

“ಈ ಸಲಾನೂ ನೆಟ್ಟಗೆ ಮಾಡ್ಕಂಡ್ ಬಂದ್ರೆ ಉಳಿದಿರೋದು ತಲೆಬಾಗ್ಲು ಒಂದೇ. ಅದನ್ನೂ ಬಿಚ್ರಿ. ನಾನು ತವರಿಗೆ ಹೋಗೋವಾಗ ತೆಗ್ದು ಹಾಕೋ ಕಷ್ಟ ತಪ್ತತೆ.”

ಹರಳೆಣ್ಣೆ

ಆ ವಿಮಾನದ ಎಂಜಿನ್ನಿಗೆ ಬೇಕಾದ ಎಣ್ಣೆ ಹರಳೆಣ್ಣೆ. ಇಷ್ಟೆಲ್ಲ ಕಷ್ಟದಲ್ಲಿ ನಮಗೆ ಊರಲ್ಲೇ ಸಿಕ್ಕಿದ್ದು ಇದೊಂದು. ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೆಲಸ ಮಾಡಿದ ಮಿಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಎಂಜಿನ್ನನ್ನು ತಿಂಗಳು ಕಾಲ ಬಿಚ್ಚಿ ಜೋಡಿಸಿ, ಉಳಿದ ನಾಲ್ಕು ತಿರುಪುಗಳನ್ನು ಸಾಹುಕಾರರ ಕೈಗೆ ಕೊಟ್ಟು, ಇವು ಹೆಚ್ಚಿಗೆ ಎಂದರು.

ಒಂದು ಬೆಳಿಗ್ಗೆ ಊರಿಗೆ ಊರೇ ನೆರೆಯಿತು. ಪಂಖದ ಮುಂದೆ ನಿಂತರೆ ಅಪಾಯವೆಂದು ಎಲ್ಲರನ್ನೂ ವಿಮಾನದ ಹಿಂದೆ ನಿಲ್ಲಿಸಿದ್ದು ನನ್ನ ಜಾಣತನ. ಎಂಜಿನ್ನು ಕೆಮ್ಮಿತು, ಉಗುಳಿತು, ಆಮೇಲೆ ನಿಜವಾಗಿಯೂ ತಿರುಗಿತು. ಆ ಜಾತಿಯ ಎಂಜಿನ್ನು ಕುಡಿದ ಎಣ್ಣೆಯನ್ನೆಲ್ಲ ಮಂಜಿನ ಹಾಗೆ ಹಿಂದಕ್ಕೆ ಎರಚುತ್ತದೆ ಎಂದು ಮಿಸ್ತ್ರಿಗಳು ಹೇಳಿದ್ದು ಎಲ್ಲ ಮುಗಿದ ಮೇಲೆ. ಜನ ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಮನುಷ್ಯ ಬಾಯಿ ಮುಚ್ಚಿಕೊಂಡು ನೋಡುವಂಥ ನೋಟವೂ ಅದಲ್ಲ.

ಎಂಜಿನ್ನು ಎರಡು ನಿಮಿಷ ಓಡಿತು. ಊರು ಎರಡು ದಿನ ಓಡಿತು.

ಮೂರನೆಯ ದಿನ ಏನು ಹೇಳಿಸಿಕೊಳ್ಳಬೇಕೋ ಎಂದು ನಾನು ತಲೆ ತಗ್ಗಿಸಿ ಬೀದಿಯಲ್ಲಿ ಹೋಗುತ್ತಿದ್ದೆ. ಊರಿನ ಹಿರಿಯರೊಬ್ಬರು ಕಟ್ಟೆಯ ಮೇಲಿಂದ ಕರೆದರು. ಬಹಳ ದಿನದಿಂದ ಹೊಟ್ಟೆ ಕಟ್ಟಿ ನರಳುತ್ತಿದ್ದವರು, ಅಂದು ಮುಖ ಅರಳಿತ್ತು. ಮುಂದಿನ ಸಲ ಯಾವತ್ತು ತಿರುಗಿಸ್ತೀರಿ, ಅವತ್ತು ನನ್ನ ಬೀಗರನ್ನೂ ಕರೆಸಿ ಹಿಂದೆ ನಿಲ್ಲಿಸ್ತೀನಿ ಎಂದರು. ಎಂಜಿನ್ನು ಮತ್ತೆ ಹೊತ್ತಿಕೊಳ್ಳಲಿಲ್ಲ. ಅದಕ್ಕೆ ನಮಗಿಂತ ಹೆಚ್ಚು ದುಃಖಪಟ್ಟವರು ಅವರು.

ಆಷಾಢದ ತಪಾಸಣೆ

ಅಧಿಕಾರಿಗಳು ಹೇಳಿದ ಹಾಗೆ ಆಷಾಢದಲ್ಲೇ ಬಂದರು. ನಮ್ಮ ಕಡೆ ಆಷಾಢದ ಗಾಳಿಗೆ ನಿಲ್ಲಿಸಿದ ಬಂಡಿ ತಾನೇ ಹೊರಡುತ್ತದೆ. ವಿಮಾನವನ್ನು ಬಯಲಿಗೆ ಎಳೆಯಲು ಆಚಾರಿ ತನ್ನ ಜೋಡೆತ್ತು ತಂದಿದ್ದ. ಎಳೆದು ನಿಲ್ಲಿಸಿದ ಮೇಲೆ ಹಗ್ಗ ಬಿಚ್ಚಬೇಡ, ಗಾಳಿಗೆ ಹಾರಿಹೋದೀತು ಎಂದು ಸಾಹುಕಾರರೇ ಹೇಳಿದರು. ಇನ್ನೂ ಭದ್ರವಾಗಿರಲಿ ಎಂದು ಆಚಾರಿ ಹೋಗಿ ದೊರೆ ಕೂರುವ ಜಾಗದಲ್ಲಿ ಭಾರಕ್ಕೆ ಕೂತ.

ಅಧಿಕಾರಿಗಳು ಪುಸ್ತಕ ಹಿಡಿದು ಸುತ್ತು ಬಂದರು. ಗೋಪುರದ ಅಂಚಿನ ಮುಂದೆ ಬಹಳ ಹೊತ್ತು ನಿಂತರು. ಸೆರಗನ್ನು ಎತ್ತಿ ನೋಡಿ ಬಿಟ್ಟರು. ರೆಕ್ಕೆಯನ್ನು ಮೂಸಿ, ಇದು ಹುಣಸೆಯೇ ಎಂದು ಕೇಳಿದರು. ಕೊನೆಗೆ ಪುಸ್ತಕ ಮುಚ್ಚಿ, ನಿಮ್ಮ ಶ್ರಮ ಕಾಣುತ್ತದೆ, ಆದರೆ ಇದು ಆ ವಿಮಾನದ ಹಾಗಿಲ್ಲ, ಬಿಚ್ಚಿಸಿ ಒಯ್ಯುತ್ತೇನೆ ಎಂದರು.

ಸಾಹುಕಾರರು ಕೈಮುಗಿದರು. ಅವರು ಯಾರಿಗೂ ಕೈಮುಗಿದದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. ಎಂಜಿನ್ನು ಒಂದು ಸಲ ಓಡಿದೆ, ಇನ್ನೊಂದು ಸಲ ನೋಡಿಬಿಡಿ ಎಂದರು. ಅಧಿಕಾರಿಗಳು ಒಳ್ಳೆಯವರು. ಎಂಜಿನ್ನಿನ ಬಲದಿಂದ ಇದು ಅಲ್ಲಾಡಿದರೆ ಬಿಟ್ಟು ಹೋಗುತ್ತೇನೆ ಎಂದರು.

ಮಿಸ್ತ್ರಿಗಳು ಪಂಖ ಹಿಡಿದು ತಿರುಗಿಸಿದರು. ಏನೂ ಇಲ್ಲ. ಹತ್ತು ಸಲ, ಇಪ್ಪತ್ತು ಸಲ. ಬೆವರಿಳಿಯಿತು. ಇಪ್ಪತ್ತೊಂದನೆಯ ಸಲಕ್ಕೆ ಎಂಜಿನ್ನು ಓಡಲಿಲ್ಲ. ಒಳಗೇ ಎಲ್ಲೋ ಒಮ್ಮೆ ನಾಡಬಾಂಬಿನ ಹಾಗೆ ಢಂ ಎಂದಿತು. ಅಷ್ಟೇ. ಮಿಸ್ತ್ರಿಗಳು ಪಕ್ಕಕ್ಕೆ ಹಾರಿದರು. ಎತ್ತುಗಳು ಮುಂದಕ್ಕೆ ಹಾರಿದವು.

ಎತ್ತು ಬೆದರಿ ಓಡುವುದನ್ನು ಎಲ್ಲರೂ ನೋಡಿದ್ದಾರೆ. ಎದುರಿನಿಂದ ಆಷಾಢದ ಗಾಳಿ, ಹಿಂದೆ ಹಗ್ಗದಲ್ಲಿ ನಾಲ್ಕು ರೆಕ್ಕೆ, ಹಾಗೆ ಓಡುವುದನ್ನು ನಾವು ಅಂದೇ ನೋಡಿದ್ದು. ವಿಮಾನ ಕುಪ್ಪಳಿಸಿತು, ಮತ್ತೆ ಕುಪ್ಪಳಿಸಿತು, ಮೂರನೆಯ ಸಲ ಕೆಳಗೆ ಬರಲಿಲ್ಲ. ಆಳೆತ್ತರಕ್ಕೆ ಎದ್ದು ಐದಾರು ಬಂಡಿಯುದ್ದ ಗಾಳಿಯಲ್ಲೇ ಹೋಯಿತು. ಮೇಲಿಂದ ಆಚಾರಿ ಎತ್ತುಗಳಿಗೆ, “ಹೋ… ಹೋ… ನಿಲ್ರೋ ನನ್ನಪ್ಪಗಳಿರಾ,” ಎನ್ನುತ್ತಿದ್ದದ್ದು ನಮಗೆಲ್ಲ ಕೇಳಿಸಿತು. ಒಂದು ಜಾಲಿ ಗಿಡದ ಮುಂದೆ ಎತ್ತುಗಳು ನಿಂತವು. ವಿಮಾನವೂ ಮೆಲ್ಲಗೆ ಇಳಿದು ಅವುಗಳ ಹಿಂದೆ ನಿಂತಿತು. ನಾವು ಓಡಿಹೋದಾಗ ಆಚಾರಿ ಕೆಳಗಿಳಿದು ಗಾಲಿಯ ಹತ್ತಿರ ಬಗ್ಗಿದ್ದ. “ಅಚ್ಚು ಒಸಿ ಅಲ್ಲಾಡ್ತೈತೆ,” ಎಂದ. ಆಮೇಲೆ ಹೋಗಿ ಜಾಲಿ ಗಿಡದ ಹಿಂದೆ ಕೂತವನು ಬಹಳ ಹೊತ್ತು ಬರಲಿಲ್ಲ.

ಅಧಿಕಾರಿಗಳು ಸಾವರಿಸಿಕೊಂಡು ಪುಸ್ತಕ ತೆರೆದರು. ಧೂಳಿನಲ್ಲಿ ಅವರಿಗೆ ಎಲ್ಲವೂ ಸರಿಯಾಗಿ ಕಂಡಿರಲಿಲ್ಲ. ಇದು ಎದ್ದದ್ದು ಯಾವ ಬಲದಿಂದ ಎಂದು ಸಾಹುಕಾರರನ್ನು ಕೇಳಿದರು. ನಾನು ಹಿಂದಿನಿಂದ ಸಾಹುಕಾರರ ಅಂಗಿ ಜಗ್ಗಿ, ಎಂಜಿನ್ನು ಎನ್ನಿ ಎಂದು ಪಿಸುಗುಟ್ಟಿದೆ. ಒಂದು ಮಾತಿನಲ್ಲಿ ಎಲ್ಲ ಮುಗಿಯುತ್ತಿತ್ತು.

ಸಾಹುಕಾರರು ನನ್ನ ಕೈ ಬಿಡಿಸಿದರು. “ಸುಳ್ಳು ಹೇಳಿ ಇಟ್ಕಂಡ್ರೆ ಅದು ದೊರೆ ಒಪ್ಪಿಸಿದ್ದಾಗಲ್ಲ, ನಾನು ಕದ್ದಿದ್ದಾಗ್ತತೆ,” ಎಂದು ನನಗೆ ಹೇಳಿ, ಅಧಿಕಾರಿಗಳ ಕಡೆ ತಿರುಗಿದರು. “ಎತ್ತು ಎಳೆದ್ವು ಸ್ವಾಮಿ. ಎಂಜಿನ್ನು ಬರೀ ಬೆದರ್ಸಿತು.” ಹೇಳಿ ನೆಲ ನೋಡುತ್ತ ನಿಂತರು.

ಅಧಿಕಾರಿಗಳು ಬರೆಯಲು ಹೋಗಿ ತಡೆದರು. ಪುಟ ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು. ಅವರು ನಿಯಮ ಬಿಟ್ಟು ಹೆಜ್ಜೆಯಿಡದ ಮನುಷ್ಯ. ಕಾಪಾಡುವುದು ಏನನ್ನಾದರೂ ಸರಿ, ನಿಯಮದಂತೆ ಅವರು ಒಯ್ಯಬಹುದಾದದ್ದು ಹಳೆಯ ಯಂತ್ರಗಳನ್ನು ಮಾತ್ರ. ಎತ್ತು ಎಳೆಯುವುದು ಯಂತ್ರವಲ್ಲ. “ಎತ್ತು ಎಳೆದರೆ ಅದು ಬಂಡಿ,” ಎಂದರು, ತಮಗೇ ಬೇಸರವಾದವರಂತೆ. “ಬಂಡಿಯನ್ನು ಒಯ್ಯಲು ನನಗೆ ಅಧಿಕಾರವಿಲ್ಲ.” ಹಾಗೆಂದೇ ಬರೆದು, ರುಜು ಹಾಕಿ, ಒಂದು ನಕಲನ್ನು ಊರಿನ ಕಚೇರಿಗೂ ಕಳಿಸಿ ಹೊರಟುಹೋದರು.

ಸಾಹುಕಾರರು ಅಂದು ಊರಿಗೆಲ್ಲ ಬೆಲ್ಲ ಹಂಚಿದರು. ಆಚಾರಿ ತನ್ನ ಎತ್ತುಗಳ ಕೋಡಿಗೆ ಎಣ್ಣೆ ಹಚ್ಚಿದ. ಅಮ್ಮನವರು ಬಾಗಿಲುಗಳ ವಿಷಯ ಎತ್ತಿದರು, ಸಾಹುಕಾರರು ತಲೆಯಾಡಿಸಿದರು.

ಎಂಟು ದಿನ ಕಳೆಯಿತು. ಊರಿನ ಕಚೇರಿಯ ಪೇದೆಯೊಬ್ಬ ಕಂಕುಳಲ್ಲಿ ಕಾಗದ, ಕೈಯಲ್ಲಿ ಒಂದು ತಗಡಿನ ಬಿಲ್ಲೆ ಹಿಡಿದು ಕೊಟ್ಟಿಗೆಗೆ ಬಂದ. ಊರೊಳಗಿನ ಪ್ರತಿ ಬಂಡಿಗೂ ನಂಬರು ಹಾಕಿದ ಬಿಲ್ಲೆ ಇರಬೇಕು, ನಿಮ್ಮ ಈ ಬಂಡಿಗೆ ಇಷ್ಟು ವರ್ಷವಾದರೂ ಇಲ್ಲ ಎಂದ. ವಾದ ಮಾಡುವ ಹಾಗಿರಲಿಲ್ಲ. ಅಧಿಕಾರಿಗಳ ರುಜುವಿನ ನಕಲು ಅವನ ಹತ್ತಿರವೇ ಇತ್ತು. ವಾದ ಗೆದ್ದರೆ ವಿಮಾನ ಮತ್ತೆ ವಿಮಾನವಾಗಿ ಪಟ್ಟಣಕ್ಕೆ ಹೋಗುತ್ತಿತ್ತು. ಸಾಹುಕಾರರು ಸುತ್ತಿಗೆ ತರಿಸಿ ನನ್ನ ಕೈಗೆ ಕೊಟ್ಟರು.

ಬಿಲ್ಲೆಯನ್ನು ನೊಗದ ಎಡಗಡೆ ಹೊಡೆಯಬೇಕು ಎಂದು ನಿಯಮ. ನೊಗ ಇರಲಿಲ್ಲವಾಗಿ ನಾನು ಮೂತಿಯ ಪಕ್ಕ ಒಂದು ಜಾಗ ನೋಡಿ ಮೊಳೆ ಇಟ್ಟೆ. ಪೇದೆ ಬಂದು ನನ್ನ ಕೈ ಹಿಡಿದುಕೊಂಡ.

“ಅಲ್ಲಿ ಬ್ಯಾಡ್ರಿ ಗುಮಾಸ್ತರೇ,” ಎಂದ. “ಹೊಟ್ಟೆ ಕೆಳಕ್ಕೆ ಹೊಡೀರಿ. ಇದು ಮೇಲೆ ಹೋದಾಗ ನಂಬರು ಓದೋ ಪೊಲೀಸು ನೆಲದ ಮ್ಯಾಲೇ ಇರ್ತಾನೆ.”